ಅಂತರಿಕ್ಷದಲ್ಲಿ ಮೊಳೆತ ಧಾರವಾಡದ ಹೆಸರುಕಾಳು



ಜೂನ್ 25ನೆಯ ತಾರೀಖೆಂದರೆ ನಮಗೆ ಆರಿದ್ರಾ ಮಳೆಯ ದಿನ. ಬನಹಟ್ಟಿಯ ಸುತ್ತಿನ ಹೊಲಗಳಲ್ಲಿ ಹೆಸರು ಬಿತ್ತಿದವರು, ಸಾಲು ಕಾಣುತ್ತವೆಯೋ ಇಲ್ಲವೋ ಎಂದು ಬದುವಿನ ಮೇಲೆ ನಿಂತು ನೋಡುವ ಹೊತ್ತು. 2025ರಲ್ಲಿ ಇದೇ ತಾರೀಖಿಗೆ ನಮ್ಮ ವಾಯುದಳದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಮತ್ತೆ ಮೂವರೊಡನೆ ಅಮೇರಿಕೆಯ ಫ್ಲಾರಿಡಾದಿಂದ ಅಂತರಿಕ್ಷಕ್ಕೆ ಏರಿದರು. ಅವರಿಗಿಂತ ಮೊದಲು 1984ರ ಏಪ್ರಿಲ್ 3ರಂದು ರಾಕೇಶ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಹೋಗಿದ್ದರು. (ಅವರ ಬುತ್ತಿಗೆ ರವೆಯ ಸಿಹಿ ಸಿದ್ಧವಾದದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ.) ನಡುವೆ 41 ವರ್ಷ ಕಳೆದವು.

ಈ ಸಂಗತಿಯನ್ನು ಕಟ್ಟೆಯ ಮೇಲೆ ಹೇಳಿದಾಗ ಹಿರಿಯರೊಬ್ಬರು, "ತಮ್ಮಾ, ಅಂವ ಮ್ಯಾಲ ಹ್ವಾದ್ರ ನಮ್ಮ ಹೊಲಕ್ಕೇನ ಬಂತು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಶುಕ್ಲಾ ಅವರೊಡನೆ ಹೆಸರುಕಾಳು ಮತ್ತು ಮೆಂತೆಯ ಕಾಳು ಕೂಡ ಹೋಗಿದ್ದವು ಎಂದೆ. ಆ ಪ್ರಯೋಗವನ್ನು ಯೋಜಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಹಾಗೂ ಧಾರವಾಡದ ಐಐಟಿಯ ಸುಧೀರ ಸಿದ್ಧಾಪುರೆಡ್ಡಿ ಅವರು. ಹಿರಿಯರು ಆಗ ಎಲೆ-ಅಡಿಕೆ ಕೆಳಗಿಟ್ಟು ಕೇಳತೊಡಗಿದರು.

ಕಾಳು ಮೊಳೆಯಲು ನೀರು, ಗಾಳಿ, ಹದವಾದ ಬಿಸುಪು ಬೇಕೆಂಬುದು ನಿಮಗೆ ಗೊತ್ತಿದ್ದದ್ದೇ. ಆದರೆ ಬಿತ್ತುವಾಗ ನಾವು ಕಾಳನ್ನು ನೆಟ್ಟಗೆ ಇಡುವದಿಲ್ಲ. ಅದು ಹೇಗೆ ಬಿದ್ದರೂ ಬೇರು ಕೆಳಗೇ ಇಳಿಯುವದು. ಏಕೆ? ಬೇರಿನ ತುದಿಯಲ್ಲಿ ಪಿಷ್ಟದ ಸಣ್ಣ ಸಣ್ಣ ಕಣಗಳಿರುವವು. ಅವು ಭಾರದಿಂದ ತಳಕ್ಕೆ ಕೂಡುತ್ತವೆ. ಬೇರು ಅದರಿಂದ ಕೆಳಗು ಯಾವುದೆಂದು ಅರಿಯುತ್ತದೆ. ಮೊಳೆತ ಕಾಳನ್ನು ಒದ್ದೆ ಬಟ್ಟೆಯಲ್ಲಿ ಅಡ್ಡ ಮಲಗಿಸಿ ಕತ್ತಲೆಯಲ್ಲಿಡಿರಿ. ಮರುದಿನ ಬೇರಿನ ತುದಿ ಕೆಳಕ್ಕೆ ಬಾಗಿರುವದು. ಮಕ್ಕಳಿಗೆ ತೋರಿಸಲು ತಕ್ಕ ಆಟ.

ಅಂತರಿಕ್ಷ ನಿಲ್ದಾಣದಲ್ಲಿ ಈ ಗುರುತೇ ಸಿಕ್ಕುವದಿಲ್ಲ. ಅದು ನೆಲದಿಂದ ಸುಮಾರು 400 ಕಿಲೋಮೀಟರ ಮೇಲಿದೆ; ಬನಹಟ್ಟಿಯಿಂದ ಬೆಂಗಳೂರಿಗಿರುವಷ್ಟು ದೂರವೂ ಅಲ್ಲ. ಅಲ್ಲಿ ಭೂಮಿಯ ಸೆಳೆತ ಇಲ್ಲವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು, ನೂರಕ್ಕೆ ತೊಂಬತ್ತರಷ್ಟು ಸೆಳೆತ ಅಲ್ಲಿಯೂ ಇದೆ. ಕಾಳು ತುಂಬಿದ ಕೊಡವನ್ನು ಬಾವಿಗೆ ಬಿಡುವಾಗ ಹಗ್ಗ ಕಡಿಯಿತೆನ್ನಿ. ಕೊಡವೂ ಕಾಳೂ ಕೂಡಿಯೇ ಬೀಳುವವು. ಬೀಳುವಷ್ಟು ಹೊತ್ತು ಕಾಳು ಕೊಡದ ತಳವನ್ನು ಒತ್ತುವದಿಲ್ಲ. ನಿಲ್ದಾಣವೂ ಹಾಗೆಯೇ ಸದಾ ಬೀಳುತ್ತಿದೆ. ಆದರೆ ತಾಸಿಗೆ ಸುಮಾರು 28,000 ಕಿಲೋಮೀಟರ ವೇಗದಿಂದ ಮುಂದೆ ಓಡುವದರಿಂದ ನೆಲಕ್ಕೆ ತಾಕದೆ, ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತಿಬಿಡುವದು. ಅಂಥಲ್ಲಿ ನೀರು ಬಸಿದು ಹೋಗದೆ ಕಾಳಿಗೆ ಅಂಟಿಕೊಂಡೇ ಕೂಡುವದು. ಬೇರಿಗೆ ಗಾಳಿ ಸಾಲದಾಗಬಹುದು. ಇಷ್ಟಾದರೂ ಕಾಳು ಮೊಳೆತವು. ಶುಕ್ಲಾ ಅವರು ಅವುಗಳ ಚಿತ್ರ ತೆಗೆದು ಶೀತಪೆಟ್ಟಿಗೆಯಲ್ಲಿಟ್ಟರು. ಜುಲೈ 15ರಂದು ಭೂಮಿಗೆ ಮರಳಿದರು. ತಂದ ಬೀಜವನ್ನು ಕೆಲವು ತಲೆಮಾರು ಬೆಳೆದು, ಗುಣದಲ್ಲಿಯೂ ಸತ್ವದಲ್ಲಿಯೂ ಏನು ಬದಲಾಗಿದೆಯೆಂದು ನೋಡುವದು ಈ ಪ್ರಯೋಗದ ಯೋಜನೆ.

ಒಂದು ಎಚ್ಚರಿಕೆಯ ಮಾತು. ಈ ಪ್ರಯೋಗದಿಂದ ನಮ್ಮ ಹೊಲಕ್ಕೆ ಹೊಸ ತಳಿ ಬಂದಿಲ್ಲ. "ಅಂತರಿಕ್ಷದ ಬೀಜ" ಎಂದು ಚೀಲ ಹಿಡಿದು ಯಾರಾದರೂ ಮನೆ ಬಾಗಿಲಿಗೆ ಬಂದರೆ ದುಡ್ಡು ಬಿಚ್ಚಬೇಡಿರಿ.

ಆದರೆ ಆ ವಿಜ್ಞಾನಿಗಳು ಮಾಡಿದ ಒಂದು ಕೆಲಸ ನಮಗೂ ಸಾಧ್ಯ. ಅದು ಕಾಳನ್ನು ಮೊಳೆಯಿಸಿ ಎಣಿಸುವದು. ಇದನ್ನು ನಾನು ಡಿಪ್ಲೊಮಾ ಓದುವಾಗ ಕಲಿತವನು. ಕಲಿತೂ ಒಂದು ವರ್ಷ ಅವಸರದಲ್ಲಿ, ಮನೆಯಲ್ಲಿಟ್ಟ ಹಳೆಯ ಹೆಸರು ನಡೆದೀತು ಎಂದು ರೈತರೊಬ್ಬರಿಗೆ ಹೇಳಿದೆ. ಅರ್ಧ ಸಾಲು ಬರಿದಾದವು. ಎರಡನೆಯ ಸಲ ಬಿತ್ತುವಷ್ಟರಲ್ಲಿ ಹದ ಆರಿತ್ತು. ಅವರು ನನ್ನನ್ನು ಬೈಯಲಿಲ್ಲ. ಚಹ ಕೊಟ್ಟು ಕಳಿಸಿದರು. ಇಂದಿಗೂ ಅವರ ಹೊಲದ ದಾರಿ ಹಿಡಿದಾಗ ಸೈಕಲ್ಲು ಭಾರವಾಗುವದು.

ಬಿತ್ತನೆ ಇನ್ನೂ ಉಳಿದವರು ಹೀಗೆ ಮಾಡಿರಿ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಳು ತೆಗೆದು ಕಲಸಿರಿ. ಆರಿಸದೆ ನೂರು ಎಣಿಸಿರಿ. ಚೆಂದ ಕಂಡ ಕಾಳನ್ನಷ್ಟೇ ಎತ್ತಿಕೊಂಡರೆ ಪರೀಕ್ಷೆ ಸುಳ್ಳಾಗುವದು. ಒದ್ದೆ ಗೋಣಿತಟ್ಟಿನ ಮೇಲೆ ಹತ್ತು ಹತ್ತರ ಸಾಲು ಹಚ್ಚಿ, ಸುತ್ತಿ, ನೆರಳಿನಲ್ಲಿಡಿರಿ. ತಟ್ಟು ಆರಬಾರದು, ನೀರೂ ನಿಲ್ಲಬಾರದು. ಐದನೆಯ ದಿನ ಒಮ್ಮೆ, ಏಳನೆಯ ದಿನ ಮತ್ತೊಮ್ಮೆ ಎಣಿಸಿರಿ. ಬೇರು, ಕುಡಿ ಎರಡೂ ಸರಿಯಿದ್ದವನ್ನೇ ಲೆಕ್ಕಕ್ಕೆ ಹಿಡಿಯಿರಿ. ಪ್ರಮಾಣಿತ ಹೆಸರು ಬೀಜಕ್ಕೆ ಕನಿಷ್ಠ ನೂರಕ್ಕೆ 75 ಮೊಳೆಯಬೇಕೆಂಬ ನಿಯಮವಿದೆ. ತುಸು ಕಡಿಮೆ ಬಂದರೆ ಬೀಜದ ಪ್ರಮಾಣ ಹೆಚ್ಚಿಸಬೇಕಾಗುವದು. ಅರ್ಧಕ್ಕೂ ಕಡಿಮೆಯೆಂದರೆ ಬೇರೆ ಬೀಜ ನೋಡಿರಿ. ಔಷಧ ಹಚ್ಚಿದ ಬೀಜವಲ್ಲದಿದ್ದರೆ ಆ ಕಾಳನ್ನು ಅಡಿಗೆಗೆ ಬಳಸಬಹುದು.

ತಟ್ಟನ್ನು ಬಿಚ್ಚುವ ದಿನ ಹೇಳಿ ಕಳುಹಿಸಿರಿ. ನಾನೂ ಬಂದು ಎಣಿಸುತ್ತೇನೆ.