ಬೆಳವಣಿಗೆಗೆ ಎರಡು ಪರೀಕ್ಷೆ ಏಕೆ?



ಕಳೆದ ತಿಂಗಳು ನಮ್ಮ ವೈದ್ಯಕೀಯ ನೆರವು ಸಮಿತಿಗೆ ಒಂಬತ್ತು ವರ್ಷದ ಹುಡುಗನೊಬ್ಬನ ಅರ್ಜಿ ಬಂತು. ವಯಸ್ಸಿಗೆ ತಕ್ಕ ಎತ್ತರವಿಲ್ಲ. ಬೆಳವಣಿಗೆ ಹಾರ್ಮೋನಿನ ಚುಚ್ಚುಮದ್ದು ಬೇಕೇ ಎಂದು ನಿರ್ಧರಿಸಲು ವೈದ್ಯರು ಐಜಿಎಫ್-1 ಮತ್ತು ಐಜಿಎಫ್‌ಬಿಪಿ-3 ಎಂಬ ಎರಡು ರಕ್ತಪರೀಕ್ಷೆ ಬರೆದಿದ್ದರು. ಬ್ಯಾಂಕಿನಲ್ಲಿ ವೋಚರ್ ತಡೆದು ಅಭ್ಯಾಸವಾದ ಕೈ ನೋಡಿ, "ಹಾರ್ಮೋನನ್ನೇ ಅಳೆಯಬಾರದೇ? ಎರಡೇಕೆ?" ಎಂದು ಷರಾ ಬರೆದೆ. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಸುಂಡಿಲಿಗಳು.

1929ರಲ್ಲಿ ಅಮೆರಿಕದ ಜಾರ್ಜ್ ಸ್ನೆಲ್ ಒಂದು ಕುಳ್ಳ ತಳಿಯನ್ನು ವರ್ಣಿಸಿದರು. ಅವುಗಳ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನನ್ನು ತಯಾರಿಸುವುದಿಲ್ಲ. ರಕ್ತದಲ್ಲಿ ಐಜಿಎಫ್-1 ತೀರಾ ಕಡಿಮೆ. ಹಾರ್ಮೋನ್ ಕೊಟ್ಟರೆ ಅದು ಏರುತ್ತದೆ, ಇಲಿಯೂ ಬೆಳೆಯುತ್ತದೆ. ಹಾರ್ಮೋನ್ ಆಜ್ಞೆ ಕಳಿಸುತ್ತದೆ, ಲಿವರ್ ಐಜಿಎಫ್-1 ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಆದರೆ ಒಂಟಿಯಾಗಿ ಬಿಟ್ಟ ಐಜಿಎಫ್-1 ಕೈಯಲ್ಲಿನ ನಗದಿನಂತೆ ನಿಮಿಷಗಳಲ್ಲಿ ಖಾಲಿ. ಬಿಪಿ-3 ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು, ಎಎಲ್‌ಎಸ್ ಎಂಬ ಇನ್ನೊಂದು ಜೊತೆಗೂಡಿದರೆ ಗಂಟೆಗಟ್ಟಲೆ ಉಳಿಯುತ್ತದೆ. ಒಂದು ರೀತಿಯ ಠೇವಣಿ. ಈ ಮೂರೂ ಏರಿಳಿಯುವುದು ಬಹುಮಟ್ಟಿಗೆ ಅದೇ ಹಾರ್ಮೋನಿನ ಹಿಡಿತದಲ್ಲಿ. ಹಾರ್ಮೋನಾದರೋ ರಕ್ತಕ್ಕೆ ಅಲೆಅಲೆಯಾಗಿ ಬರುತ್ತದೆ, ಯಾವಾಗಲೋ ತೆಗೆದ ಒಂದು ರಕ್ತದ ಮಾದರಿಯಿಂದ ಏನೂ ತಿಳಿಯದು. ಠೇವಣಿಯ ಬಾಕಿ ದಿನವಿಡೀ ಹೆಚ್ಚುಕಡಿಮೆ ಒಂದೇ.

ಹಸಿವು ಈ ಲೆಕ್ಕವನ್ನೇ ಕೆಡಿಸುತ್ತದೆ. ಊಟ ಸಾಲದಿದ್ದರೆ ಹಾರ್ಮೋನ್ ಇದ್ದರೂ ಲಿವರ್ ಮಾತು ಕೇಳುವುದಿಲ್ಲ, ಐಜಿಎಫ್-1 ಇಳಿಯುತ್ತದೆ. ಇನ್ಸುಲಿನ್ ತಗ್ಗಿದಾಗ ಬಿಪಿ-1 ಎಂಬ ಬೇರೊಂದು ಪ್ರೋಟೀನ್ ಹೆಚ್ಚಿ, ಉಳಿದದ್ದನ್ನೂ ಹಿಡಿದಿಡುತ್ತದೆ. ಬಿಪಿ-3 ಮಾತ್ರ ಆಹಾರದ ಕೊರತೆಗೆ ಅಷ್ಟಾಗಿ ಕುಗ್ಗುವುದಿಲ್ಲ. ಎರಡನ್ನೂ ಕೇಳಿದ್ದು ಇದಕ್ಕೇ. ಹುಡುಗನ ಊಟ, ಥೈರಾಯ್ಡ್ ವಿಚಾರಿಸಿದ್ದೂ ಇದಕ್ಕೇ.

ನನ್ನ ಠೇವಣಿ ಹೋಲಿಕೆಯೂ ಪೂರ್ತಿ ನಿಲ್ಲಲಿಲ್ಲವೆನ್ನಿ. 1999ರಲ್ಲಿ ಲಿವರಿನಲ್ಲಿ ಮಾತ್ರ ಐಜಿಎಫ್-1 ತಯಾರಾಗದಂತೆ ಮಾಡಿದ ಸುಂಡಿಲಿಗಳಲ್ಲಿ ರಕ್ತದ ಪ್ರಮಾಣ ಸುಮಾರು ಮುಕ್ಕಾಲು ಭಾಗ ಇಳಿಯಿತು. ಆದರೂ ಅವು ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆದವು! ಮೂಳೆ, ಸ್ನಾಯು ಮುಂತಾದವು ತಮಗೆ ಬೇಕಾದದ್ದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆದ್ದರಿಂದ ರಕ್ತದ ಅಂಕಿ ಕೈಗೆ ಬಂದ ಮೇಲೂ ಹುಡುಗನನ್ನು ನೋಡಿ, ಎತ್ತರ ಅಳೆದು ತೀರ್ಮಾನಿಸಬೇಕಾದವರು ವೈದ್ಯರೇ.

ನನ್ನ ಷರಾ ಹೊಡೆದುಹಾಕಿ ಎರಡೂ ಪರೀಕ್ಷೆಗೆ ಸಹಿ ಮಾಡಿದ್ದೇನೆ. ಚುಚ್ಚುಮದ್ದು ಬೇಕೆಂದಾದರೆ ಅದು ಸಾಮಾನ್ಯವಾಗಿ ದಿನವೂ, ವರ್ಷಗಟ್ಟಲೆ. ಆ ಬಾಬ್ತಿಗೆ ನೆರವಾಗಬಯಸುವವರು ಸಂಘದ ಕಚೇರಿಯಲ್ಲಿ ದೇಣಿಗೆ ಸಲ್ಲಿಸಿ ರಸೀದಿ ಪಡೆಯಬೇಕಾಗಿ ವಿನಂತಿ.