ಕೈಗೊಂದು ಹಿಡಿ, ಕೆನ್ನೆಗೊಂದು ನೊರೆ

ಡಬ್ಬಿ ಅದುಮಿದರೆ ನೊರೆ ಉಕ್ಕುವ ಫೋಮು, ಜೆಲ್‌ಗಳು ಬಂದ ಮೇಲೆ ಎಷ್ಟೋ ಮನೆಗಳ ಬಚ್ಚಲಿನಿಂದ ಶೇವಿಂಗ್ ಬ್ರಷ್ ಮರೆಯಾಯಿತು. ಅದೇ ಬ್ರಷ್ ಈಗ ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡ ಹವ್ಯಾಸಿಗಳ ಅಚ್ಚುಮೆಚ್ಚಿನ ಕೆಲಸ. ಅಂಗೈಯಲ್ಲಿ ಹಿಡಿಸುವಷ್ಟು ಮರ ಸಾಕು, ಒಂದು ಭಾನುವಾರದಲ್ಲಿ ಆಕಾರ ಬಂದುಬಿಡುತ್ತದೆ. ಹಾಗೆಂದು ಹಗುರವಾಗಿ ನೋಡುವಂತಿಲ್ಲ. ಮರದ ಪೆನ್ನು, ಹೂದಾನಿಗಳು ಒಣ ಜಾಗದಲ್ಲೇ ಇರುತ್ತವೆ. ಬ್ರಷ್ ದಿನವೂ ಬಿಸಿನೀರು, ಸೋಪಿನಲ್ಲಿ ಮಿಂದೇಳಬೇಕು. ಆದ್ದರಿಂದ ಮರದ ಆಯ್ಕೆಯಿಂದ ಕೊನೆಯ ಹೊಳಪಿನವರೆಗೆ ಇಲ್ಲಿ ನೀರಿನದೇ ಕಾರುಬಾರು.

ಹಸಿ ಮರ ಬೇಡ

ಸುಮಾರು 45 ಮಿ.ಮೀ. ಚೌಕ, 75 ಮಿ.ಮೀ. ಉದ್ದದ ತುಂಡು ಬೇಕು. ತೇಗ, ಹಲಸು, ಹುಣಸೆ, ಹೊನ್ನೆ ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು ಅಷ್ಟೆ. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ; ಗುಂಡಗೆ ಕೊರೆದ ತೂತು ಕೆಲವು ವಾರಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಕೆಲವೊಮ್ಮೆ ಸೀಳೂ ಬಿಡುತ್ತದೆ. ಮುರಿದ ಹಳೆಯ ಕುರ್ಚಿಯ ಕಾಲು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ವರ್ಷಗಟ್ಟಲೆ ಮನೆಯೊಳಗೇ ಇದ್ದು ಒಣಗಿದ ಮರ ಅದು.

ಮೊದಲು ತೂತು, ಆಮೇಲೆ ಆಕಾರ

ತುಂಡನ್ನು ಲೇತ್‌ನ ಎರಡು ಮೊನೆಗಳ ನಡುವೆ ಸಿಕ್ಕಿಸಿ, ನಿಧಾನ ವೇಗದಲ್ಲಿ ಮೂಲೆಗಳನ್ನು ತೆಗೆದು ಉರುಳೆ ಮಾಡಿಕೊಳ್ಳುವುದು ಮೊದಲ ಹಂತ. ಬಳಿಕ ಒಂದು ತುದಿಯನ್ನು ಲೇತ್‌ನ ಹಿಡಿತದ ದವಡೆಯಾದ ಚಕ್‌ಗೆ ಕೊಟ್ಟು, ಇನ್ನೊಂದು ತುದಿಗೆ ತಳ ಸಮತಟ್ಟಾಗಿ ಕೊರೆಯುವ ಫೋರ್ಸ್ಟ್‌ನರ್ ಬಿಟ್‌ನಿಂದ ತೂತು ಹಾಕಬೇಕು. ಮರ ತಿರುಗುತ್ತದೆ, ಬಿಟ್ ತಾನು ತಿರುಗದೆ ಮುಂದೆ ಸರಿಯುತ್ತದೆ. ಹೀಗಾಗಿ ತೂತು ನಟ್ಟನಡುವೆಯೇ ಬೀಳುತ್ತದೆ. ಕೂದಲಿನ ಸಿದ್ಧ ಗೊಂಚಲನ್ನು ನಾಟ್ ಎನ್ನುತ್ತಾರೆ. ಅದರ ಬುಡ 24 ಮಿ.ಮೀ. ಇದ್ದರೆ ತೂತು ಒಂದು ಮಿ.ಮೀ. ದೊಡ್ಡದಿರಲಿ, ಅಂಟಿಗೂ ಜಾಗ ಬೇಕಲ್ಲ.

ಬ್ರಷ್‌ನ ಗುಣ ನಿರ್ಧಾರವಾಗುವುದು ತೂತಿನ ಆಳದಲ್ಲಿ. ಆಳ ಹೆಚ್ಚಿದಷ್ಟೂ ಹೊರಗುಳಿಯುವ ಕೂದಲು ಮೋಟಾಗಿ ಬ್ರಷ್ ಬಿರುಸಾಗುತ್ತದೆ, ಗಟ್ಟಿ ಸೋಪನ್ನೂ ಸಲೀಸಾಗಿ ಎತ್ತುತ್ತದೆ. ಆಳ ಕಡಿಮೆಯಾದರೆ ಕೂದಲು ಉದ್ದವಾಗಿ ಬಳುಕುತ್ತದೆ, ಕೆನ್ನೆಗೆ ಹಿತ. ಆದ್ದರಿಂದ ಅಂಟು ಹಾಕುವ ಮುನ್ನ ನಾಟ್ ಅನ್ನು ತೂತಿನಲ್ಲಿ ಸುಮ್ಮನೆ ಕೂರಿಸಿ ನೋಡಬೇಕು.

ಹಿಡಿಯ ಎತ್ತರ 50ರಿಂದ 60 ಮಿ.ಮೀ. ಇದ್ದರೆ ಕೈಗೆ ಹದ. ಹೆಬ್ಬೆರಳು ಮತ್ತು ಎರಡು ಬೆರಳು ಕೂರುವಲ್ಲಿ ಸೊಂಟ ಸಣ್ಣದಾಗಲಿ, ತಳ ಅಗಲವಾಗಿರಲಿ. ಸೋಪು ಮೆತ್ತಿದ ಕೈಯಲ್ಲಿ ಜಾರದ ಆಕಾರವೇ ಚೆಂದದ ಆಕಾರ. ಸ್ಯಾಂಡ್ ಪೇಪರ್ ಹಿಡಿಯುವಾಗ ಉಳಿ ಊರುವ ಪಟ್ಟಿಯನ್ನು ದೂರ ಸರಿಸಬೇಕು. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಲೇತ್ ಹತ್ತಿರ ಸುಳಿಯಲೇಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲೇಬೇಕು.

ಅರಗು ಇಲ್ಲೇಕೆ ಸಲ್ಲದು?

ಲೇತ್ ಎಂದೊಡನೆ ನಮಗೆ ನೆನಪಾಗುವುದು ಚನ್ನಪಟ್ಟಣ. ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಒಣ ಎಲೆ ಅದಕ್ಕೆ ಹೊಳಪು ತರುತ್ತದೆ. ಬೊಂಬೆಗೆ ಇದಕ್ಕಿಂತ ಒಳ್ಳೆಯ ಲೇಪವಿಲ್ಲ. ಆದರೆ ಶೇವಿಂಗ್ ಬ್ರಷ್‌ನ ಮೇಲೆ ಇದು ತಾಳದು. ಅರಗು ಬಿಸಿಗೆ ಮೆತ್ತಗಾಗುತ್ತದೆ, ಕ್ಷಾರದಲ್ಲಿ ಕರಗುತ್ತದೆ. ಸೋಪಿನ ನೀರು ಕ್ಷಾರೀಯ. ದಿನಾ ತಗುಲಿದರೆ ಬಣ್ಣ ಮಂಕಾಗಿ ಲೇಪ ಏಳುತ್ತದೆ. ಇಲ್ಲಿ ಪಾಲಿಯುರೆಥೇನ್, ಎಪಾಕ್ಸಿ ಅಥವಾ ತೆಳುವಾಗಿ ಹಲವು ಪದರ ಬಳಿದ ಸೂಪರ್ ಗ್ಲೂ ವಾಸಿ. ಹೊರಮೈಗೆ ಬಳಿದವರು ಹಲವೊಮ್ಮೆ ತೂತಿನ ಒಳಗೋಡೆಯನ್ನು ಮರೆಯುತ್ತಾರೆ. ಕೂದಲಿನಿಂದ ಇಳಿಯುವ ನೀರು ನೇರ ಸೇರುವುದು ಅಲ್ಲಿಗೇ, ಹಿಡಿ ಬಿರಿಯುವುದೂ ಅಲ್ಲಿಂದಲೇ.

ಕೂದಲಿನ ಆಯ್ಕೆ

ಹಂದಿಯ ಕೂದಲು ಬಿರುಸು, ಬಳಸಿದಂತೆ ತುದಿ ಸೀಳಿ ಮೃದುವಾಗುತ್ತದೆ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಬೆಲೆ ಹೆಚ್ಚು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲಿನಂತೆ ಕಾಣಿಸಲು ಬಣ್ಣ ಕೊಟ್ಟ ಕುದುರೆ ಕೂದಲಿನ ಬ್ರಷ್‌ಗಳು ಮಾರುಕಟ್ಟೆಗೆ ಬಂದವು. ಸರಿಯಾಗಿ ಸಂಸ್ಕರಿಸದ ಆ ಕೂದಲಿನಿಂದ ಬ್ರಿಟನ್, ಅಮೆರಿಕದಲ್ಲಿ ಸೈನಿಕರಿಗೂ ನಾಗರಿಕರಿಗೂ ಆಂಥ್ರಾಕ್ಸ್, ಅಂದರೆ ನಮ್ಮ ರೈತರು ದನಗಳಲ್ಲಿ ಕಾಣುವ ನೆರಡಿ ರೋಗ ತಗುಲಿ ಸಾವುಗಳೂ ಆದವು. ಇಂದು ಮನೆಯಲ್ಲಿ ಬ್ರಷ್ ಮಾಡುವವರಿಗೆ ಸಿಂಥೆಟಿಕ್ ನಾಟ್ ಸುಲಭದ ದಾರಿ: ಅಗ್ಗ, ಮೃದು, ಬೇಗ ಒಣಗುತ್ತದೆ, ಯಾವ ಪ್ರಾಣಿಯ ಹಂಗೂ ಇಲ್ಲ.

ನಾಟ್ ಅನ್ನು ಎಪಾಕ್ಸಿಯಲ್ಲಿ ನೆಟ್ಟಗೆ ಕೂರಿಸಿ ಒಂದು ದಿನ ಬಿಟ್ಟರೆ ಬ್ರಷ್ ಸಿದ್ಧ. ಬಳಸಿದ ಮೇಲೆ ತೊಳೆದು, ಕೊಡವಿ, ಗಾಳಿಯಾಡುವಲ್ಲಿ ಇಡಬೇಕು. ನೀರಿನ ಮಗ್ಗಿನಲ್ಲಿ ನೆನೆಹಾಕಿ ಮರೆಯಬಾರದು. ಕೂದಲು ಹಿಡಿಗಿಂತ ಮೊದಲೇ ಸವೆಯುತ್ತದೆ. ಆಗ ಹಳೆಯ ನಾಟ್ ಕೊರೆದು ತೆಗೆದು ಹೊಸದನ್ನು ಕೂರಿಸಬಹುದು. ಅದಕ್ಕೆ ಅನುಕೂಲವಾಗಲೆಂದು ತೂತಿನ ಅಗಲ, ಆಳವನ್ನು ಹಿಡಿಯ ತಳದಲ್ಲಿ ಪೆನ್ಸಿಲಿನಿಂದ ಬರೆದು, ಅದರ ಮೇಲೆಯೇ ಕೊನೆಯ ಲೇಪ ಕೊಟ್ಟರೆ ಮುಂದೆ ಅದನ್ನು ರಿಪೇರಿ ಮಾಡುವವರು ಯಾರೇ ಆಗಲಿ, ಅಳತೆಗಾಗಿ ಪರದಾಡಬೇಕಿಲ್ಲ.