ನೊಣಕ್ಕೆ ನಿದ್ದೆ ತರುವವರು ಯಾರು?

ಹಣ್ಣುನೊಣಕ್ಕೆ ರೆಪ್ಪೆಯಿಲ್ಲ. ಮಲಗಿದೆಯೋ ಸುಮ್ಮನೆ ಕೂತಿದೆಯೋ ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ಒಂದೊಂದು ನೊಣವನ್ನೂ ಪೆನ್ಸಿಲ್‌ಗಿಂತ ಸಪೂರವಾದ ಗಾಜಿನ ಕೊಳವೆಯೊಳಗೆ ಬಿಡುತ್ತಾರೆ. ಒಂದು ತುದಿಯಲ್ಲಿ ಸಕ್ಕರೆ ಬೆರೆಸಿದ ಅಗರ್, ಇನ್ನೊಂದು ತುದಿಗೆ ಹತ್ತಿ, ನಡುವೆ ಅಡ್ಡಲಾಗಿ ಅವಕೆಂಪು ಕಿರಣ. ನೊಣ ಹಾದುಹೋದಾಗಲೆಲ್ಲ ಕಿರಣ ಕಡಿದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. 5 ನಿಮಿಷ ಕಡಿಯದಿದ್ದರೆ ನಿದ್ದೆ ಎಂದು ಲೆಕ್ಕ. ಒರಟು ಲೆಕ್ಕವೆನಿಸೀತು. ಆದರೆ ರಾತ್ರಿಯಿಡೀ ನಿದ್ದೆಗೆಡಿಸಿದ ನೊಣ ಮರುದಿನ ಹೆಚ್ಚು ಮಲಗುತ್ತದೆ. ಕೆಫೀನ್ ತಿನ್ನಿಸಿದರೆ ಎಚ್ಚರವಾಗಿರುತ್ತದೆ. 2000ದಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ತೋರಿಸಿದ ಮೇಲೆ ಅನುಮಾನ ಉಳಿಯಲಿಲ್ಲ.

2005ರಲ್ಲಿ ವಿಸ್ಕಾನ್ಸಿನ್‌ನ ಕಿಯಾರಾ ಚಿರೆಲ್ಲಿ, ಜೂಲಿಯೊ ಟೊನೋನಿ ತಂಡ ಸುಮಾರು 9,000 ತಳಿಗಳನ್ನು ಜಾಲಾಡಿ, ಉಳಿದವುಗಳ ಮೂರನೇ ಒಂದು ಪಾಲಷ್ಟೇ ಮಲಗುವ ನೊಣವೊಂದನ್ನು ಹಿಡಿಯಿತು. ದೋಷವಿದ್ದದ್ದು 'ಷೇಕರ್' ಜೀನ್‌ನಲ್ಲಿ. ಈಥರ್ ಕೊಟ್ಟಾಗ ಕಾಲು ನಡುಗಿಸುವ ನೊಣಗಳಿಂದ ಬಂದ ಹಳೆಯ ಹೆಸರದು. ನರಕೋಶದಿಂದ ಪೊಟ್ಯಾಸಿಯಂ ಹೊರಬಿಡುವ ಚಾನೆಲ್ಲನ್ನು ಕಟ್ಟುವ ಜೀನ್ ಇದು.

ಚಾನೆಲ್ ಸಿಕ್ಕಿತು, ಕಥೆ ಮುಗಿಯಿತು ಎನ್ನುವಂತಿರಲಿಲ್ಲ. ದೆಹಲಿಯಲ್ಲಿ ಓದಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಅಮಿತಾ ಸೆಹಗಲ್ ಅವರ ತಂಡಕ್ಕೆ 2008ರಲ್ಲಿ ಸಿಕ್ಕ ನೊಣಗಳು ನಿದ್ದೆಯ ಶೇ 80ಕ್ಕೂ ಹೆಚ್ಚು ಭಾಗ ಕಳೆದುಕೊಂಡಿದ್ದವು. ಅವುಗಳ ಷೇಕರ್ ಜೀನ್ ನೆಟ್ಟಗೇ ಇತ್ತು. ಇಲ್ಲದಿದ್ದದ್ದು ಕೋಶದ ಹೊರಮೈಗೆ ಅಂಟಿಕೊಂಡು ಷೇಕರ್‌ಗೆ ಒತ್ತಾಸೆಯಾಗಿರುವ ಪುಟ್ಟ ಪ್ರೋಟೀನ್, 'ಸ್ಲೀಪ್‌ಲೆಸ್'. ಹೀಗೆ ಕುತೂಹಲ ಚಾನೆಲ್‌ನಿಂದ ಅದರ ಜೊತೆಗಾರರತ್ತ ಹೊರಳಿತು.

ಅವರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಷೇಕರ್‌ನ ಒಳಬದಿಗೆ ಅಂಟಿರುವ 'ಹೈಪರ್‌ಕೈನೆಟಿಕ್'. ಇದು ಒಂಥರಾ ಅಂಗಡಿಯ ಬಾಕಿ ಪುಸ್ತಕ. ನೊಣ ನಿದ್ದೆಗೆಟ್ಟಷ್ಟೂ, ನಿದ್ದೆ ತರಿಸುವ ನರಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ಉರಿಬೀಳುವ ಆಮ್ಲಜನಕದ ಅಣುಗಳು ಹೆಚ್ಚುತ್ತವೆ. ಅವುಗಳ ದೆಸೆಯಿಂದ, ಹೈಪರ್‌ಕೈನೆಟಿಕ್ ಹಿಡಿದುಕೊಂಡಿರುವ ಎನ್‌ಎಡಿಪಿಎಚ್ ಎಂಬ ಅಣು ಎಲೆಕ್ಟ್ರಾನ್ ಕಳೆದುಕೊಂಡು ರೂಪ ಬದಲಿಸುತ್ತದೆ. ಆಗ ಷೇಕರ್ ಮುಚ್ಚಿಕೊಳ್ಳುವುದು ನಿಧಾನವಾಗುತ್ತದೆ; ಆ ಕೋಶಗಳು ಬೇಗಬೇಗ ಮಿಡಿಯುತ್ತವೆ; ನೊಣ ಮಲಗುತ್ತದೆ. ಆಕ್ಸ್‌ಫರ್ಡ್‌ನ ಗೆರೊ ಮೀಸೆನ್‌ಬಾಕ್ ತಂಡ 2019ರಲ್ಲಿ ಇದನ್ನು ಬಿಡಿಸಿಟ್ಟಿತು. ನಿದ್ದೆಗೇಡು ಮೈಗೆ ಒಳ್ಳೆಯದಲ್ಲ ಎಂಬುದು ಅಜ್ಜಿಗೂ ಗೊತ್ತಿತ್ತು. ಆ ಕೇಡೇ ನಿದ್ದೆಯನ್ನು ಕರೆಯುತ್ತದೆ ಎಂಬುದು ಹೊಸತು.

ಮನುಷ್ಯರಲ್ಲೂ ಇದರ ನಂಟುಂಟು. ಮೊರ್ವಾನ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲಿ ರೋಗಿಗೆ ನಿದ್ದೆ ಹೆಚ್ಚುಕಡಿಮೆ ಹಾರಿಯೇಹೋಗುತ್ತದೆ, ಸ್ನಾಯುಗಳು ತಾವಾಗಿಯೇ ಅದುರುತ್ತವೆ. ಅಲ್ಲಿ ದೇಹದ್ದೇ ಪ್ರತಿಕಾಯಗಳು ಎರಗುವುದು ಹೆಚ್ಚಾಗಿ ಪೊಟ್ಯಾಸಿಯಂ ಚಾನೆಲ್ ಮೇಲಲ್ಲ, ಅದರ ಜೊತೆಗಿರುವ ಪ್ರೋಟೀನ್‌ಗಳ ಮೇಲೆ.